ನವಲಗುಂದ ಸೀಮೆಯ ಎರೆನೆಲ

ಹುಬ್ಬಳ್ಳಿಯನ್ನು ಬಿಟ್ಟು ನವಲಗುಂದದ ಕಡೆಗೆ ಹೊರಟ ಪ್ರಯಾಣಿಕನಿಗೆ ಚೈತ್ರ ವೈಶಾಖಗಳಲ್ಲಿ ಕಣ್ಣಿಗೆ ಬೀಳುವುದು, ಮರದ ನೆರಳಿಲ್ಲದೆ ದಿಗಂತದವರೆಗೆ ಹಾಸಿಕೊಂಡಿರುವ, ಬಿಸಿಲಿಗೆ ಸೀಳಿಹೋದ ಕರಿಯ ಬಯಲು. ಬರಡು ಭೂಮಿಯೆಂದು ಬಗೆದು ಮುಂದೆ ಸಾಗುವವರೇ ಹೆಚ್ಚು. ಆದರೆ ಹೊಲಕ್ಕಿಳಿದು ಅಂಥದೊಂದು ಬಿರುಕಿನೊಳಗೆ ಕೈಯನ್ನು ಇಳಿಯಬಿಟ್ಟರೆ, ಮೊಳಕೈ ಮುಳುಗಿದ ಮೇಲೂ ತಳ ತಾಗದು. ಮೇಲ್ಮಣ್ಣು ಕಾದ ಹಂಚಿನಂತಿರುವಾಗಲೂ ಬೆರಳ ತುದಿಗೆ ಒಂದಿಷ್ಟು ತಂಪು ಹತ್ತುವುದು. ನವಲಗುಂದ, ನರಗುಂದ, ರೋಣ ತಾಲೂಕುಗಳ ಒಕ್ಕಲುತನ ತಲೆತಲಾಂತರದಿಂದ ನೆಚ್ಚಿ ಬಂದಿರುವುದು ಆ ತಂಪನ್ನು.

ಈ ಮಣ್ಣಿಗೆ ಇಲ್ಲಿಯವರು ಎರೆ ಎನ್ನುವರು. ಕಪ್ಪತಗುಡ್ಡದ ಮಗ್ಗುಲಿನ ಕೆಂಪು ನೆಲ ಮಸಾರಿ, ಗರಸು ಮೇಲೆದ್ದ ದಿಬ್ಬದ ನೆಲ ಮಡ್ಡಿ. ಮಣ್ಣುವಿಜ್ಞಾನಿಗಳು ವರ್ಟಿಸಾಲ್ ಎಂದು ಕರೆಯುವ ಆಳವಾದ ಎರೆಯಲ್ಲಿ ಅರ್ಧದಷ್ಟು, ಕೆಲವೆಡೆ ಅದಕ್ಕೂ ಮಿಕ್ಕ ಭಾಗ ಜೇಡಿ. ಆ ಜೇಡಿಯಲ್ಲಿಯೂ ಪ್ರಧಾನವಾದುದು, ನೀರು ಸೋಂಕಿದೊಡನೆ ಪದರುಪದರಾಗಿ ಉಬ್ಬಿ ಒಣಗಿದೊಡನೆ ಕುಗ್ಗುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಬೇಸಗೆಯಲ್ಲಿ ಬಿರುಕಿಗೆ ಉದುರಿದ ಮೇಲ್ಮಣ್ಣು ಮಳೆಗಾಲದಲ್ಲಿ ಅಲ್ಲಿಯೇ ಉಬ್ಬಿ ಸುತ್ತಣ ಮಣ್ಣನ್ನು ಮೇಲಕ್ಕೆ ಒತ್ತುವುದರಿಂದ, ಶತಮಾನಗಳ ಕಾಲದಲ್ಲಿ ಈ ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತ ಬಂದಿದೆ. ಜೇಡಿಯ ಈ ಸ್ವಭಾವವನ್ನು ಹಳ್ಳಿಯ ಮಕ್ಕಳು ಪುಸ್ತಕವಿಲ್ಲದೆಯೇ ಬಲ್ಲರು: ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ಎರೆಯನ್ನು ನಾದಿ ಎತ್ತನ್ನು ಮಾಡುವಾಗ ಕೊಂಬನ್ನು ಎಷ್ಟು ಸಣ್ಣಗೆ ಎಳೆದರೂ ಅದು ಮುರಿಯದು, ಬಿಸಿಲಿಗಿಟ್ಟು ಮರೆತರೆ ಸಂಜೆಯ ಹೊತ್ತಿಗೆ ಎತ್ತಿನ ಬೆನ್ನು ಸೀಳಿರುವುದು.

ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ ಸೀಮೆಯಿದು. ಒಂದೂವರೆ ಮೀಟರು ಆಳದ ಎರೆ, ಬೇರಿಗೆ ದಕ್ಕುವಂತೆ, 200 ಮಿಲಿಮೀಟರಿಗೂ ಮಿಕ್ಕಿ ನೀರನ್ನು ತನ್ನೊಡಲಲ್ಲಿ ಹಿಡಿದಿಡಬಲ್ಲುದು. ಎಂದರೆ ವರ್ಷದ ಮಳೆಯ ಮೂರನೆಯ ಒಂದು ಪಾಲಿಗೆ ಹೊಲವೇ ಕಣಜ. ಆದುದರಿಂದಲೇ ಇಲ್ಲಿ ಹಿರಿಯ ಬೆಳೆ ಹಿಂಗಾರಿಯದು. ಮುಂಗಾರಿಯಲ್ಲಿ, ಕಾಲಿಟ್ಟರೆ ಕೆರವೇ ಕಿತ್ತುಬರುವ ಅಂಟಿನಲ್ಲಿ, ಹದ ನೋಡಿ ಹೆಸರನ್ನು ಬಿತ್ತಿ ತೆಗೆದುಕೊಳ್ಳುವವರುಂಟು. ಹಿಂದೆ ಬಹುಪಾಲು ಹೊಲಗಳನ್ನು ಮಳೆ ಕುಡಿಯಲೆಂದು ಹಾಗೆಯೇ ಬಿಡುತ್ತಿದ್ದರು. ಉತ್ತರಿ, ಹಸ್ತ, ಚಿತ್ತಿ ಮಳೆಗಳ ಹದಕ್ಕೆ ಕೂರಿಗೆ ಹೂಡಿ ಬಿಳಿಜೋಳ, ಕಡಲೆ, ಕುಸುಬೆ, ಗೋದಿಗಳನ್ನು ಬಿತ್ತಿದ ಮೇಲೆ ಮುಗಿಲಿನಿಂದ ಹೆಚ್ಚಿನದೇನನ್ನೂ ಇವರು ಬೇಡರು. ಬೇಡುವುದು ಕುಂಟೆಯಿಂದ. ಸಾಲುಗಳ ನಡುವೆ ಎಡೆ ಹೊಡೆದಾಗ ಮೇಲಿನ ಒಂದೆರಡು ಅಂಗುಲ ಮಣ್ಣು ಪುಡಿಯಾಗಿ ಬಿರುಕಿನ ಬಾಯನ್ನು ಮುಚ್ಚುತ್ತದೆ, ಒಳಗಣ ಹಸಿ ಒಳಗೇ ಉಳಿಯುತ್ತದೆ. ಎಡೆ ಹೊಡೆಯುವುದೆಂದರೆ ಕಳೆ ಕೀಳುವುದಷ್ಟೇ ಎಂದು ನಾನು ಬಹುಕಾಲ ತಿಳಿದಿದ್ದೆ. ನೀರನ್ನು ಕಾಯುವ ಕೆಲಸವೂ ಅದೇ ಎಂಬುದನ್ನು ನನಗೆ ಕಲಿಸಿದವರು ಈ ಸೀಮೆಯ ರೈತರು.

ಹತ್ತಿಯ ಕಥೆಯೂ ಇದಕ್ಕೆ ಹೊರತಲ್ಲ. ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ ‘ಕುಮಟಾ’ ಎಂದೇ ಪೇಟೆಯಲ್ಲಿ ಹೆಸರಾದ ಇಲ್ಲಿಯ ಜವಾರಿ ಹತ್ತಿ, ತಾಯಿಬೇರನ್ನು ಆಳಕ್ಕಿಳಿಸಿ ಬೇಸಗೆಯ ಬಾಗಿಲವರೆಗೂ ಕಾಯಿ ಬಿಡುವ ಜಾತಿ. 1840ರ ದಶಕದಲ್ಲಿ ಅಮೆರಿಕದ ಬೀಜ ಧಾರವಾಡ ಪ್ರಾಂತಕ್ಕೆ ಬಂದಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಈ ನಾಡಿನ ಅರಳೆಗೆ ಕಂಡರಿಯದ ಬೆಲೆಯೂ ಬಂದಿತು.

ಎರೆಯಲ್ಲಿ ದೋಷವಿಲ್ಲವೆಂದಲ್ಲ. ಸುಣ್ಣದ ಹರಳು ಬೆರೆತ ಕ್ಷಾರೀಯ ಮಣ್ಣಾದುದರಿಂದ ಹಾಕಿದ ರಂಜಕ ಬಂಧಿತವಾಗುತ್ತದೆ, ಸತುವು ಕಬ್ಬಿಣಗಳು ಬೆಳೆಗೆ ಎಟುಕುವುದಿಲ್ಲ. ಬಣ್ಣ ಕಪ್ಪಾದರೂ ಸಾವಯವ ಇಂಗಾಲ ಅನೇಕ ಹೊಲಗಳಲ್ಲಿ ನೂರಕ್ಕೆ ಅರ್ಧ ಪಾಲೂ ಇರದು. ಕೊಟ್ಟಿಗೆಗಳಲ್ಲಿ ಎತ್ತು ಕಡಮೆಯಾಗಿ ತಿಪ್ಪೆಗಳು ಸಣ್ಣವಾದ ಈ ದಿನಗಳಲ್ಲಿ ಈ ಕೊರತೆ ನನ್ನನ್ನು ಬಾಧಿಸುತ್ತದೆ. ಆದರೆ ಇದಕ್ಕಿಂತ ದೊಡ್ಡ ನೋವು ನೀರಿನದು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ 1970ರ ದಶಕದಲ್ಲಿ ಕಾಲುವೆ ಹರಿದಾಗ, ಶತಮಾನಗಳಿಂದ ಮಳೆಯನ್ನು ಅಳೆದಳೆದು ಬಳಸಿದ ನೆಲಕ್ಕೆ ಒಮ್ಮೆಲೇ ಅಳತೆಗೆಟ್ಟ ನೀರು ದೊರೆಯಿತು, ಬಸಿದುಹೋಗಲು ದಾರಿ ಮಾತ್ರ ದೊರೆಯಲಿಲ್ಲ. ಕುಡಿದುದನ್ನು ಬಿಡದಿರುವುದೇ ಎರೆಯ ಗುಣವಷ್ಟೆ. ಆ ಗುಣವೇ ಈಗ ಮುಳುವಾಯಿತು. ಅಂತರ್ಜಲ ಮೇಲೇರಿತು, ಅದರೊಡನೆ ತಳದಲ್ಲಿ ಮಲಗಿದ್ದ ಲವಣಗಳೂ ಎದ್ದು ಬಂದುವು. ಜೇಡಿಯಲ್ಲಿದ್ದ ಕ್ಯಾಲ್ಸಿಯಮ್ಮಿನ ಸ್ಥಾನವನ್ನು ಸೋಡಿಯಮ್ ಆಕ್ರಮಿಸಿದಲ್ಲಿ ಮಣ್ಣಿನ ಕಣಗಳು ಚದರಿ ಉಸಿರಾಟದ ರಂಧ್ರಗಳನ್ನೆಲ್ಲ ಮುಚ್ಚಿದುವು. ಸವಳು-ಜವಳು ಎಂಬ ಜೋಡುಪದ ಈ ಕಡೆಯ ಮನೆಮಾತಾದುದು ಹೀಗೆ. 1980ರ ಜುಲೈ ತಿಂಗಳಲ್ಲಿ ನರಗುಂದ ನವಲಗುಂದಗಳಲ್ಲಿ ಸಿಡಿದ ರೈತಬಂಡಾಯವನ್ನು ನಾವು ಕರಗಳ ಲೆಕ್ಕದಲ್ಲಿ ನೆನೆಯುತ್ತೇವೆ. ಮಣ್ಣಿನ ಲೆಕ್ಕವನ್ನೂ ಅದರೊಡನೆ ಓದತಕ್ಕದ್ದೆಂದು ನನ್ನ ಎಣಿಕೆ. ಬಸಿಗಾಲುವೆ ತೋಡಿ, ಜಿಪ್ಸಂ ಬೆರೆಸಿ, ಸೆಣಬು ಡಯಂಚಗಳನ್ನು ಬೆಳೆದು ಮಣ್ಣಿಗೆ ಮಗುಚಿದರೆ ಕೆಟ್ಟ ಹೊಲ ಮರಳಿ ಬರುವುದುಂಟು. ಆದರೆ ಅದು ಒಂದು ವರ್ಷದ ಮಾತಲ್ಲ, ಒಬ್ಬ ರೈತನ ಶಕ್ತಿಯದೂ ಅಲ್ಲ, ಏಕೆಂದರೆ ಬಸಿದ ನೀರು ಕೆಳಗಿನವನ ಹೊಲವನ್ನು ದಾಟಿಯೇ ಹಳ್ಳ ಸೇರಬೇಕು.

ಮಾರ್ಗಶಿರದ ಒಂದು ನಸುಕಿನಲ್ಲಿ ಇಂಥ ಎರಡು ಹೊಲಗಳ ನಡುವಣ ಬದುವಿನ ಮೇಲೆ ನಿಂತಿದ್ದೆ. ಕಾಲುವೆಯ ಕಡೆಗೆ, ಬಿತ್ತದೆ ಬಿಟ್ಟ ನೆಲದ ಮೇಲೆ, ಉಪ್ಪು ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಹರಡಿತ್ತು. ಈಚೆಯ ಹೊಲದಲ್ಲಿ ಕಡಲೆ ಹೂಬಿಟ್ಟಿತ್ತು. ರಾತ್ರಿಯೆಲ್ಲ ಗಿಡಗಳ ಮೇಲೆ ಹಾಸಿದ್ದ ಬಿಳಿಯ ಅರಿವೆಯನ್ನು ಒಬ್ಬ ಹೆಂಗಸು ಎತ್ತಿ ತಂಬಿಗೆಯೊಳಗೆ ಹಿಂಡುತ್ತಿದ್ದಳು. ಕಡಲೆಯ ಎಲೆಯ ಹುಳಿಯನ್ನು ಹೀರಿದ ಇಬ್ಬನಿಯದು. ಹೊಟ್ಟೆನೋವಿಗೆ ಮದ್ದೆಂದು ಮನೆಯಲ್ಲಿ ಇಡುವರಂತೆ. ನನ್ನ ಅಂಗೈಗೂ ನಾಲ್ಕು ಹನಿ ಹಾಕಿದಳು. ಹಸ್ತದ ಮಳೆಯ ತರುವಾಯ ಆ ಹೊಲಕ್ಕೆ ಮೇಲಿನಿಂದ ಬಂದ ನೀರು ಆ ಇಬ್ಬನಿಯೊಂದೇ.