ಮೂಲೆಯಲ್ಲಿದ್ದ ಮುಖಗವಸು

2020ರ ಜುಲೈ 10ರಂದು ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರಕ್ಕಿಳಿದರು. ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಬೇಕೆಂಬುದು ಒಂದು ಬೇಡಿಕೆ. ಕೊರೊನಾ ಸಮೀಕ್ಷೆಗೆಂದು ಮನೆಮನೆ ಸುತ್ತುವ ತಮಗೆ ಸರಿಯಾದ ರಕ್ಷಣಾ ಸಾಮಗ್ರಿ ಕೊಡಿ ಎಂಬುದು ಇನ್ನೊಂದು. ಗೌರವಧನದ ಮಾತು ಸರ್ಕಾರಕ್ಕೆ ಸೇರಿದ್ದು. ಎರಡನೆಯದರಲ್ಲಿ ಮಾತ್ರ ನಮ್ಮಂಥ ಊರಿನವರೂ ಕೈಜೋಡಿಸಬಹುದಿತ್ತು.

ಕೊರತೆ ಇಡೀ ಜಗತ್ತಿನದಾಗಿತ್ತು. ಆ ವರ್ಷದ ಮಾರ್ಚ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿತು. ಆರೋಗ್ಯ ಸಿಬ್ಬಂದಿಗೆ ಪ್ರತಿ ತಿಂಗಳು 8.9 ಕೋಟಿ ಮುಖಗವಸು, 7.6 ಕೋಟಿ ಕೈಗವಸು, 16 ಲಕ್ಷ ರಕ್ಷಣಾ ಕನ್ನಡಕ ಬೇಕು; ತಯಾರಿಕೆ ಶೇಕಡ 40ರಷ್ಟು ಹೆಚ್ಚಬೇಕು. ಮುಂದೆ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳೇ ಮೈಮುಚ್ಚುವ ಕವಚ ಹೊಲಿದು ದೇಶಕ್ಕೆ ಕೊಟ್ಟವು, ನಿಜ. ಆದರೆ ಕಾರ್ಖಾನೆ ಅಣಿಯಾಗುವವರೆಗಿನ ತಿಂಗಳುಗಳನ್ನು ಇದ್ದುದರಲ್ಲೇ ದಾಟಬೇಕಿತ್ತು.

ಹಾಸನ ಜಿಲ್ಲೆಗೆ ಆಗ ಸ್ವಲ್ಪ ಬಿಡುವು ಸಿಕ್ಕಿತ್ತು. ಮೇ ಎರಡನೆಯ ವಾರದವರೆಗೂ ಇಲ್ಲಿ ಒಂದು ಪ್ರಕರಣವೂ ಇರಲಿಲ್ಲ. ಆಮೇಲೆ ಮುಂಬೈಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರಲ್ಲಿ ಸೋಂಕು ಪತ್ತೆಯಾಯಿತು. (ಬಂದವರೂ ನಮ್ಮವರೇ, ಕೆಲವರು ಅದನ್ನು ಮರೆತರು.) ಹಳ್ಳಿಮೈಸೂರಿನ ಕಡೆ ಹುಡುಕಿದರೆ ಸಾಮಗ್ರಿ ಇಲ್ಲದಿರಲಿಲ್ಲ. ಬೆಳೆಗೆ ಔಷಧಿ ಹೊಡೆಯುವ ರೈತನ ಕೊಟ್ಟಿಗೆಯ ಮೂಲೆಯಲ್ಲಿ, ಪೇಂಟರ್ ಚೀಲದಲ್ಲಿ, ಬೀಗ ಬಿದ್ದ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿ ಒಂದೆರಡು ಪೊಟ್ಟಣ ಇದ್ದೇ ಇರುತ್ತದೆ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಕೊಡುವುದೂ ಸಲ್ಲ. ಎನ್-95 ಮುಖಗವಸು ಬರೀ ಜರಡಿಯಂತೆ ಕೆಲಸ ಮಾಡುವುದಿಲ್ಲ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಅದೇ ಸ್ಥಾಯೀ ವಿದ್ಯುತ್ತು ಅದರ ಪಾಲಿಪ್ರೊಪಿಲೀನ್ ಎಳೆಗಳಲ್ಲೂ ಇದೆ. ಹಿಡಿಯಲು ಅತಿ ಕಷ್ಟವಾದ, ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ ನೂರಕ್ಕೆ 95ನ್ನು ಅದು ತಡೆಯಬೇಕು. ಸಾಬೂನಿನಲ್ಲಿ ತೊಳೆದರೆ ಇಲ್ಲವೆ ಸ್ಪಿರಿಟ್‌ನಲ್ಲಿ ಅದ್ದಿದರೆ ಆ ವಿದ್ಯುದಂಶ ಕುಂದುತ್ತದೆ. ನೋಡಲು ಮಾತ್ರ ಮೊದಲಿನಂತೆಯೇ ಇರುತ್ತದೆ. ಇದೇ ಅಪಾಯ. ಒಗೆದು ಮಡಿಸಿಟ್ಟ ಎನ್-95 ತೊಟ್ಟ ಕಾರ್ಯಕರ್ತೆ ತನಗೆ ರಕ್ಷಣೆಯಿದೆ ಎಂದು ನಂಬಿ ರೋಗಿಯ ಹತ್ತಿರ ಹೋಗುತ್ತಾಳೆ.

ಕವಾಟವಿರುವ ಮುಖಗವಸು ಧೂಳಿನ ಕೆಲಸಕ್ಕೆ ಅನುಕೂಲ. ಅದು ಬಿಡುವ ಉಸಿರನ್ನು ಸೋಸದೆ ಹೊರಗೆ ಕಳಿಸುವುದರಿಂದ, ಸೋಂಕು ಹರಡುವುದನ್ನು ತಡೆಯದೆಂದು 2020ರ ಜುಲೈನಲ್ಲಿ ಕೇಂದ್ರವೇ ಎಚ್ಚರಿಸಿತು. ಬಾಣಂತಿಯರನ್ನೂ ಹಸುಗೂಸುಗಳನ್ನೂ ನೋಡುವವರಿಗೆ ಅದು ಬೇಡ.

ಮನೆಯವರಿಗೆ ಬಟ್ಟೆಯ ಮುಖಗವಸು ಸಾಕೆಂದು ಏಪ್ರಿಲ್‌ನಲ್ಲೇ ಸಲಹೆ ಬಂದಿತ್ತು. ಆದ್ದರಿಂದ ಪೊಟ್ಟಣ ಒಡೆಯದ, ಅವಧಿ ಮುಗಿಯದ, ದಾರ ಸಡಿಲವಾಗದ ಎನ್-95 ಇದ್ದರೆ ಅದರ ಜಾಗ ಪ್ರಾಥಮಿಕ ಆರೋಗ್ಯ ಕೇಂದ್ರ. ವೈದ್ಯಾಧಿಕಾರಿಗಳ ಕೈಗೆ ಕೊಟ್ಟರೆ ಅವರು ನೋಡಿ ಹಂಚುತ್ತಾರೆ. ಪಕ್ಕಗಳೂ ಮುಚ್ಚಿರುವ ಪ್ರಯೋಗಾಲಯದ ಕನ್ನಡಕವನ್ನು ತೊಳೆದು ಸೋಂಕು ಕಳೆದು ಕೊಡಬಹುದು, ಗಾಜು ಗೀಚಿರಬಾರದು ಅಷ್ಟೆ. ಒಮ್ಮೆ ತೊಟ್ಟ ಕೈಗವಸು ಮಾತ್ರ ಯಾರಿಗೂ ಬೇಡ.