ಪೇರೆಂಟ್‌ನ ಕನ್‌ಸ್ಟ್ರಕ್ಟರ್ ಕರೆಯೋರು ಯಾರು?

ಒಂದೇ ಸಾಲು ಕೋಡ್ ಬಿಟ್ಟುಹೋದರೂ ಜನರ ಮೇಲ್ಮನವಿಯ ಹಕ್ಕು ಕೈತಪ್ಪಬಹುದು. ಹೇಗೆ ಅಂತೀರಾ? ಪೈಥಾನ್‌ನಲ್ಲಿ ‘ಅರ್ಜಿ’ ಅನ್ನೋ ಪೇರೆಂಟ್ ಕ್ಲಾಸ್ ಇದೆ ಅಂದ್ಕೊಳ್ಳಿ. ಆಬ್ಜೆಕ್ಟ್ ಹುಟ್ಟುವಾಗ ಓಡುವ ಅದರ ಕನ್‌ಸ್ಟ್ರಕ್ಟರ್ (ಹೆಸರು ಇನಿಟ್) ಅರ್ಜಿ ಬಂದ ದಿನಾಂಕ, ಮೇಲ್ಮನವಿಯ ಗಡುವು ಎರಡನ್ನೂ ತುಂಬುತ್ತೆ. ‘ಪಿಂಚಣಿ ಅರ್ಜಿ’ ಎಂಬ ಚೈಲ್ಡ್ ಕ್ಲಾಸ್ ಮಾಡಿ, ವಯಸ್ಸು ಸೇರಿಸಲು ಅದಕ್ಕೂ ಒಂದು ಇನಿಟ್ ಬರೆದಿರಿ. ಅಲ್ಲಿಗೆ ಪೇರೆಂಟ್‌ನದು ತಾನಾಗಿ ಓಡೋದು ನಿಂತುಹೋಯ್ತು. ಸೂಪರ್ ಮೂಲಕ ಅದನ್ನು ನೀವೇ ಕರೆಯಬೇಕು. ಕರೆಯದಿದ್ದರೆ ಗಡುವು ಅನ್ನೋದೇ ಆ ಆಬ್ಜೆಕ್ಟ್‌ನಲ್ಲಿ ಇರಲ್ಲ.

ಆಬ್ಜೆಕ್ಟ್ ಹುಟ್ಟುವಾಗ ಪೈಥಾನ್ ತುಟಿ ಬಿಚ್ಚಲ್ಲ. ಅರ್ಜಿ ಸ್ವೀಕೃತವಾಗುತ್ತೆ, ವಯಸ್ಸೂ ಸರಿಯಾಗೇ ಕಾಣುತ್ತೆ. ತಿರಸ್ಕೃತಗೊಂಡ ಅಜ್ಜಿಯೊಬ್ಬರು ಮೇಲ್ಮನವಿ ಹಾಕಲು ಬಂದ ದಿನ, ಗಡುವನ್ನು ಓದುವ ಸಾಲಿನಲ್ಲಿ ಆಟ್ರಿಬ್ಯೂಟ್ ಎರರ್. ಕೌಂಟರ್‌ನಲ್ಲಿ ಅವರಿಗೆ ಸಿಗೋ ಉತ್ತರ ಗೊತ್ತಲ್ಲ, ‘ಸರ್ವರ್ ಡೌನ್’.

ಜಾವಾ ಇಷ್ಟು ಸಲೀಸಾಗಿ ಬಿಡಲ್ಲ. ಅಲ್ಲಿ ಕನ್‌ಸ್ಟ್ರಕ್ಟರ್ ಓವರ್‌ರೈಡ್ ಆಗೋದೇ ಇಲ್ಲ. ನೀವು ಮರೆತರೆ ಕಂಪೈಲರ್ ತಾನೇ ಸೂಪರ್ ಕರೆ ಸೇರಿಸುತ್ತೆ. ಪೇರೆಂಟ್‌ಗೆ ದಿನಾಂಕ ಕೊಡಲೇಬೇಕು ಅಂತಿದ್ದರೆ, ಕೊಡದ ಕೋಡ್ ಕಂಪೈಲೇ ಆಗಲ್ಲ. ಸರ್ಕಾರಿ ತಂತ್ರಾಂಶದ ಮಟ್ಟಿಗೆ ನನಗೆ ಈ ಹಟವೇ ಇಷ್ಟ. ಪೈಥಾನ್‌ನಲ್ಲೇ ಬರೀತೀವಿ ಅನ್ನೋರು, ಪ್ರತಿ ಚೈಲ್ಡ್ ಕ್ಲಾಸ್‌ನಿಂದ ಒಂದು ಆಬ್ಜೆಕ್ಟ್ ಮಾಡಿ ಗಡುವು ಇದೆಯಾ ಅಂತ ನೋಡುವ ಟೆಸ್ಟ್ ಬರೆದಿಡಲಿ. ನಾಲ್ಕೈದು ಸಾಲಿನ ಕೆಲಸ ಅಷ್ಟೆ.