ಬಾಯಿಹುಣ್ಣಿಗೆ ಅಂಟುವ ಗಿಡಮದ್ದಿನ ಪದರ

ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಮನೆಗಳಿಂದ ಬಾಯಿ, ಗಂಟಲಿನ ಕ್ಯಾನ್ಸರ್‌ಗೆಂದು ಘಟ್ಟ ಇಳಿದು ಮಣಿಪಾಲ, ಮಂಗಳೂರಿಗೆ ಹೋಗುವವರಿದ್ದಾರೆ. ರೇಡಿಯೇಷನ್ ಸಾಮಾನ್ಯವಾಗಿ ಆರೇಳು ವಾರ. ಎರಡು-ಮೂರನೇ ವಾರಕ್ಕೇ ಬಾಯಿ ತುಂಬ ಹುಣ್ಣು ಏಳ್ತದೆ, ಗಂಜಿಯೂ ಇಳಿಯುವುದಿಲ್ಲ. "ಸಾಕು, ಮನೆಗೆ ಹೋಗುವಾ" ಎಂದು ಉಮ್ಮ ಹಟ ಹಿಡಿದರೆ ನಾವು ಕರಗಿಬಿಡ್ತೇವೆ. ಕರಗಬಾರದು. ಚಿಕಿತ್ಸೆ ನಡುವೆ ನಿಂತರೆ ರೋಗಕ್ಕೇ ಲಾಭ.

ಮಂಗಳೂರಿನ ವೈದ್ಯರು 80 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅರಿಶಿನದ ನೀರು, ಇನ್ನೊಂದಕ್ಕೆ ಪೊವಿಡೋನ್ ಅಯೋಡಿನ್ ಮುಕ್ಕಳಿಸಲು ಕೊಟ್ಟು ನೋಡಿದರು. ಅರಿಶಿನದವರಿಗೆ ಹುಣ್ಣು ತಡವಾಗಿ ಬಂತು, ತೀವ್ರತೆಯೂ ಕಡಿಮೆ ಎಂದು 2014ರಲ್ಲಿ ವರದಿ ಪ್ರಕಟವಾಯಿತು.

ಆದರೆ ಮುಕ್ಕಳಿಸಿದ್ದು ಜೊಲ್ಲಿನೊಟ್ಟಿಗೆ ಹೋಗ್ತದೆ. ಅದಕ್ಕೇ ಸಂಶೋಧಕರು ತೆಳು ಪದರದ ಹಿಂದೆ ಬಿದ್ದಿದ್ದಾರೆ. ಹಣ್ಣಿನ ಸಿಪ್ಪೆಯ ಪೆಕ್ಟಿನ್, ಮರದ ಅಂಟು ಇಂಥವುಗಳಲ್ಲಿ ಮದ್ದು ಬೆರೆಸಿ ಒಣಗಿಸ್ತಾರೆ. ಒದ್ದೆ ಬಾಯಿಯಲ್ಲಿ ಅದು ಉಬ್ಬಿ, ಹುಣ್ಣಿಗೆ ಅಂಟಿ, ಮದ್ದನ್ನು ನಿಧಾನಕ್ಕೆ ಬಿಡ್ತದೆ. ಬರೀ ಗಿಡದ್ದಾದರೆ ಜೆಲಾಟಿನ್‌ನ ಹಲಾಲ್-ಹರಾಂ ತಕರಾರೂ ಇಲ್ಲ. ಹೆಚ್ಚಿನವು ಇನ್ನೂ ಪ್ರಯೋಗದ ಹಂತದಲ್ಲೇ ಉಂಟು.

ಅಲ್ಲಿಯವರೆಗೆ ಅರಿಶಿನವಾಗಲಿ ಜೇನಾಗಲಿ ಡಾಕ್ಟರಲ್ಲಿ ಕೇಳದೆ ಹಚ್ಚುವುದು ಬೇಡ. ಸಕ್ಕರೆ ಕಾಯಿಲೆಯಿದ್ದರೆ ಜೇನಿನ ಬಗ್ಗೆ ಇನ್ನೂ ಜಾಗ್ರತೆ. ಚಿಕಿತ್ಸೆಯ ನಡುವೆ ರಮಳಾನ್ ಬಂದರೆ ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಉಂಟು. ಇದನ್ನು ಮನೆಯ ಹಿರಿಯರಿಗೆ ನಾವೇ ಕೂತು ತಿಳಿಸಿ ಹೇಳಬೇಕು.